ಬೇರೆ ಮರದ ಕಾಯಿ

ಕಾಲೇಜಿನ ತಾರಸಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಲಿಂಡಾ, ಒಣಗಲು ಒತ್ತಿಟ್ಟ ಎಲೆಗಳ ನಡುವಿನ ಒದ್ದೆ ಪೇಪರ್ ತೆಗೆದು ಒಣ ಪೇಪರ್ ಇಡುತ್ತಿದ್ದಳು. ದಿನಕ್ಕೆರಡು ಸಲ ಬದಲಿಸದಿದ್ದರೆ ಎಲೆ ಕಪ್ಪಾಗುತ್ತದೆ. ಒಣಗಿದ ಗೆಲ್ಲುಗಳನ್ನು ದಪ್ಪ ಹಾಳೆಗೆ ಹೊಲಿಯುವುದೂ ಅವಳದೇ ಕೆಲಸ. ಟೈಲರನ ಮಗಳೆಂದೇ ಬಾಟನಿ ವಿಭಾಗದವರು ಅವಳನ್ನು ಸೇರಿಸಿಕೊಂಡಿದ್ದರು. ಅದು ಐವತ್ತೆಂಟನೆಯ ಇಸವಿ.

ಬಾಟನಿ ಕಲಿಸುವ ಫಿಲಿಪ್ ಮೆಟ್ಟಿಲು ಹತ್ತಿ ಬಂದ. ಅವಳ ಕೆನ್ನೆಗೆ ಅಂಟಿದ್ದ ಎಲೆಚೂರು ನೋಡಿ, ಹೇಳದೆ ನಕ್ಕ.

"ಎಂತ ಸರ್?"

"ನಾಗಬನದ ನಮ್ಮ ಮರ ಯಾವ ಪುಸ್ತಕದಲ್ಲೂ ಇಲ್ಲ. ಇಂಥ ಎಲೆ, ಇಂಥ ಕಾಯಿ ಒಟ್ಟಿಗೆ ಎಲ್ಲಿಯೂ ಇಲ್ಲ. ಹೊಸ ಜಾತಿ. ಅದಕ್ಕೆ ನಿಮ್ಮ ಹೆಸರು ಇಡ್ತೇನೆ."

ಅವಳ ಕೈಯ ಪೇಪರ್ ಹಾರಿತು. ಹಿಡಿಯಲು ಇಬ್ಬರೂ ಬಾಗಿದರು. ಬೆರಳಿಗೆ ಬೆರಳು ತಾಗಿತು. ಅವನು ಬೇಗ ತೆಗೆಯಲಿಲ್ಲ.

ತೊಕ್ಕೊಟ್ಟಿನಾಚೆಯ ನಾಗಬನದಲ್ಲಿ ಒಂದು ಕಡ್ಡಿಯನ್ನೂ ಕಡಿಯುವಂತಿಲ್ಲ, ಬಿದ್ದದ್ದನ್ನಷ್ಟೇ ಹೆಕ್ಕಬೇಕು. ಹಿಂದಿನ ತಿಂಗಳು ಇಬ್ಬರೂ ಹೋದಾಗ ಆ ನಿತ್ಯಹಸಿರು ಮರದಡಿ ಎಲೆ ಹೂ ಸಿಕ್ಕಿದ್ದವು, ಕಾಯಿ ಇರಲಿಲ್ಲ. ಫಿಲಿಪ್‌ನ ಸಪ್ಪೆ ಮುಖ ನೋಡಲಾರದೆ, ಅಂಥದೇ ಮರವೆಂದು ನಂಬಿ, ಬನದ ಆ ತುದಿಯ ಇನ್ನೊಂದರ ಬುಡದಿಂದ ಎರಡು ಕಾಯಿ ಹೆಕ್ಕಿ ಅವಳು ಅದೇ ಚೀಲಕ್ಕೆ ಹಾಕಿದ್ದಳು.

ಆ ಇನ್ನೊಂದು ಮರದ ಜಾತಿಯೇ ಬೇರೆಯೆಂದು ಅವಳಿಗೆ ಈಗ ಹೊಳೆಯಿತು. ಹೇಳಬೇಕೆನ್ನುವಷ್ಟರಲ್ಲಿ ಸಂಜೆಯಾಯಿತು. ಫಿಲಿಪ್ ಆ ಮರದ ಗೆಲ್ಲು ಹೊಲಿದ ಹಾಳೆ ಹಿಡಿದು, ಅಲ್ಲಿನ ಸಸ್ಯಸಂಗ್ರಹದ ಜೊತೆ ಹೋಲಿಸಿ ಲೇಖನ ಬರೆಯಲು ಕೊಯಮತ್ತೂರಿನ ರೈಲು ಹತ್ತಿದ.

ಮರುದಿನವೇ ನಿಜ ತಿಳಿಸಿ ಅವನಿಗೆ ಕಾಗದ ಬರೆದಳು. ಹತ್ತೊಂಬತ್ತು ದಿನ ಅದು ಬ್ಯಾಗಿನಲ್ಲೇ ಉಳಿಯಿತು. ಅಂಚೆ ಕಚೇರಿಯವರೆಗೆ ಹೋಗುವುದು, ತಿರುಗಿ ಬರುವುದು. ಹೊಲಿದದ್ದನ್ನು ಬಿಚ್ಚುವುದು, ಮತ್ತೆ ಹೊಲಿಯುವುದು. ಸೂಜಿ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ.

ಅಟೆಂಡರ್ ಸೇಸಪ್ಪ ನೋಡಿ ನೋಡಿ ಸಾಕಾಗಿ ಹೇಳಿದ: "ಒಲಿಂಡಾ ಬಾಯಿ, ಆ ಕಾಗದಕ್ಕೆ ಕಾಲು ಬರುವುದಿಲ್ಲ ಮಾರಾಯ್ರೆ."

ಬುಧವಾರ ಫಿಲಿಪ್‌ನ ಕಾರ್ಡು ಬಂತು. ಸೋಮವಾರ ಲೇಖನ ಅಚ್ಚಿಗೆ ಹೋಗುತ್ತದಂತೆ. ಲ್ಯಾಟಿನಿನಲ್ಲಿ ಅವಳ ಹೆಸರು ಬಹಳ ಚೆಂದ ಕಾಣುತ್ತದಂತೆ.

ಅಚ್ಚಾದ ಮೇಲೆ ಯಾರಾದರೂ ಆ ಬನಕ್ಕೆ ಹೋಗಿಯೇ ಹೋಗುತ್ತಾರೆ. ಆಗ ಊರೂರ ಪಂಡಿತರು ನಗುವುದು ಅವಳನ್ನಲ್ಲ, ಫಿಲಿಪ್‌ನನ್ನು.

ಒಲಿಂಡಾ ಲಕೋಟೆ ಬಿಚ್ಚಿದಳು. 'ಕಾಯಿ ಬೇರೆ ಮರದ್ದು, ಹಾಕಿದವಳು ನಾನು' ಎಂಬುದರ ಕೆಳಗೆ ಬರೆದಳು: 'ಮರಕ್ಕೆ ನನ್ನ ಹೆಸರು ಬೇಡ. ಇಷ್ಟಾದ ಮೇಲೂ ನನ್ನ ಹೆಸರಿನ ಮುಂದೆ ನಿಮ್ಮದನ್ನು ಬರೆಯಲು ಬಿಡುವುದಾದರೆ, ಕಾಯುತ್ತೇನೆ.'

ಹಂಪನಕಟ್ಟೆಯ ಅಂಚೆ ಕಚೇರಿಯೆದುರು ಅಂಚೆಯವನು ಡಬ್ಬಿ ಖಾಲಿ ಮಾಡಿ ಬೀಗ ಹಾಕುತ್ತಿದ್ದ. ಕಾಗದ ಹಿಡಿದು ನಿಂತವಳನ್ನು ನೋಡಿ ಕೇಳಿದ: "ಹಾಕ್ಲಿಕ್ಕೆ ಉಂಟಾ, ಇಲ್ವಾ?"

"ಉಂಟು," ಎಂದು ಒಲಿಂಡಾ ಅದನ್ನು ಅವನ ಚೀಲದೊಳಗೆ ತಾನೇ ಹಾಕಿದಳು.