ಅರಮನೆ ಕಚೇರಿಗೆ ಬಂದ ಲಿನಕ್ಸ್ ಯಕ್ಷ

ಏಳು ಬೆಟ್ಟಗಳ ಆಚೆ ಮಣಿಕೂಟವೆಂಬ ರಾಜ್ಯವಿದ್ದ ಕಾಲದಲ್ಲಿ, ಒಂದು ಸೋಮವಾರ, ಅರಮನೆ ಕಚೇರಿಯ ಹಿರಿಯ ಗುಮಾಸ್ತೆ ತುಂಗಭದ್ರಮ್ಮನವರ ಪರದೆಯ ಮೇಲಿದ್ದ ಹಳದಿ ಕಪಾಟಿನ ಚಿತ್ರ ಒಂದಂಗುಲ ಎಡಕ್ಕೆ ಸರಿಯಿತು. ಆ ಶೋಕಕ್ಕೆ ಅಂದು ರಾಜ್ಯದಲ್ಲಿ ನಗಾರಿ ಬಾರಿಸಲಿಲ್ಲ.

ಸರಿಸಿದವನು ಯಂತ್ರಪಾಲಕ ಮುದ್ದಯ್ಯ. ಅವನಿಗೆ ಕಾರಣವಿತ್ತು. ಗುಮಾಸ್ತರ ಮೇಜುಗಳ ಮೇಲಿದ್ದವು ವಿಂಡೋಸ್ ಎಂಬ ಮಾಯಾಕನ್ನಡಿಗಳು. ಚಿತ್ರ ಮುಟ್ಟಿದರೆ ಓಲೆ ತೆರೆಯುತ್ತಿತ್ತು. ಬೀಗಾಸುರನೆಂಬ ಮಾಂತ್ರಿಕ ಆಗಾಗ ಬಂದು ಓಲೆಗಳಿಗೆಲ್ಲ ಬೀಗ ಜಡಿಯುತ್ತಿದ್ದ. ರಾಜ ಮೂರು ಸಲ ಅಡ್ಡಬಿದ್ದರೆ ಮಾತ್ರ ಬಿಚ್ಚುತ್ತಿದ್ದ. ಆ ನಮಸ್ಕಾರವೇ ಅವನ ಆಹಾರ.

ಅದಕ್ಕೇ ಮುದ್ದಯ್ಯ ಹಿಮದ್ವೀಪಕ್ಕೆ ಹೋಗಿ, ಲಿನಕ್ಸ್ ಎಂಬ ಮೂಕ ಯಕ್ಷನನ್ನು ಪೆಟ್ಟಿಗೆಯಲ್ಲಿ ತಂದು ಕಚೇರಿಯ ಮೂಲೆಯಲ್ಲಿಟ್ಟ. ಗುಮಾಸ್ತರ ಪರದೆಗಳಲ್ಲಿ ಹಳದಿ ಕಪಾಟನ್ನು ಸರಿಸಿ, ಪಕ್ಕದಲ್ಲಿ ಯಕ್ಷನ ಕಪಾಟಿನ ಚಿತ್ರವನ್ನೂ ಇಟ್ಟ. ಕಚೇರಿ ಮುಚ್ಚಿದ ಮೇಲೆ ಯಕ್ಷ ಎಲ್ಲ ಓಲೆಗಳ ನಕಲು ಮಾಡಿ ಕಾಯುತ್ತಾನೆ. ಅವನಿಗೆ ಯಾವ ಬೀಗವೂ ತಗಲದು.

"ಇರಲಿ," ಎಂದ ರಾಜ. "ಆದರೆ ಏಳು ದಿನದಲ್ಲಿ ಗುಮಾಸ್ತರಿಂದ ಒಂದು ದೂರು ಬಂದರೂ ನಿನ್ನನ್ನು ಕಾಗೆ ಮಾಡಿಸುತ್ತೇನೆ."

ತುಂಗಭದ್ರಮ್ಮ ಆಗಲೇ ಎದ್ದು ನಿಂತಿದ್ದರು. "ನನ್ನ ಕಪಾಟು ಎಲ್ಲಿದೆಯೋ ಅಲ್ಲೇ ಇರಬೇಕು ಕಣಯ್ಯಾ!"

ಮುದ್ದಯ್ಯ ಯಕ್ಷನ ಕಪಾಟಿಗೆ ಹಳೆಯ ಹಳದಿ ಬಣ್ಣ ಬಳಿದು ಹಳೆಯ ಜಾಗದಲ್ಲೇ ಇಟ್ಟ. ಆಕೆ ಕೂತರು.

ಎರಡನೆಯ ದಿನ ಗುಮಾಸ್ತ ಶೇಷಪ್ಪನವರಿಗೆ ಸಂಶಯ ಬಂತು. "ಇದಕ್ಕೆ ಮುಖವೇ ಇಲ್ಲವಲ್ಲೋ. ಕೆಲಸ ಮಾಡುತ್ತೆ ಅಂತ ಹೇಗೆ ನಂಬೋದು?"

ಮುದ್ದಯ್ಯ ಒಂದು ಹಸಿರು ದೀಪ ಮಿನುಗಿಸಿದ.

"ಪಾಪ, ಎಷ್ಟು ಕಷ್ಟಪಡ್ತಿದೆ," ಎಂದರು ಶೇಷಪ್ಪ.

ಮೂರನೆಯ ತೊಂದರೆ ಘೋರವಾಗಿತ್ತು. ಸಂಜೆ ಮನೆಗೆ ಹೊರಡುವಾಗ ಶೇಷಪ್ಪನವರು ಒಳ್ಳೆಯ ಅಭ್ಯಾಸದಿಂದ ಯಕ್ಷನ ಪ್ಲಗ್ ಕೀಳುತ್ತಿದ್ದರು. 'ಆರಿಸಬೇಡಿ' ಎಂದು ಮುದ್ದಯ್ಯ ಫಲಕ ಹಾಕಿದ. ಶೇಷಪ್ಪನವರು ಅದನ್ನು ಪೂರ್ತಿ ಓದಿ, ಆರಿಸಿದರು. ಗದರಿದರೆ ದೂರು, ದೂರು ಬಂದರೆ ಕಾಗೆ.

ಮುದ್ದಯ್ಯ ಯೋಚಿಸಿ, ಪೆಟ್ಟಿಗೆಗೆ ಅರಿಸಿನ ಕುಂಕುಮ ಹಚ್ಚಿ ದಾಸವಾಳ ಏರಿಸಿದ.

ಆ ಸಂಜೆ ಶೇಷಪ್ಪನವರು ಚಪ್ಪಲಿ ಬಿಟ್ಟು ದೂರದಿಂದಲೇ ಕೈಮುಗಿದು ಹೋದರು.

ಏಳನೆಯ ದಿನ ಬೆಳಿಗ್ಗೆ ಬೀಗಾಸುರ 'ನೀವು ಹಾರುವ ಕುದುರೆ ಗೆದ್ದಿದ್ದೀರಿ' ಎಂಬ ಓಲೆಯ ರೂಪದಲ್ಲಿ ಬಂದ. ತುಂಗಭದ್ರಮ್ಮ ತೆರೆದರು. ಕಚೇರಿಯ ಓಲೆಗಳಿಗೆಲ್ಲ ಬೀಗ ಬಿತ್ತು. ರಾಜ ಅಡ್ಡಬೀಳಲು ಮೊಣಕಾಲೂರಿದ.

"ಸ್ವಲ್ಪ ತಾಳಿ ಪ್ರಭೂ," ಎಂದ ಮುದ್ದಯ್ಯ. ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಯಕ್ಷ ತನ್ನ ನಕಲುಗಳಿಂದ ಓಲೆಗಳನ್ನೆಲ್ಲ ಹಿಂದಿರುಗಿಸಿದ. ನಮಸ್ಕಾರ ಸಿಗದ ಬೀಗಾಸುರ ಹಸಿವಿನಿಂದ ಒಣಗಿ ಪುಡಿಯಾದ. ಅವನನ್ನು ಗುಡಿಸಿ ಹಾಕಿದರು.

"ಕುದುರೆ ಯಾವಾಗ ಬರುತ್ತೆ?" ಎಂದರು ತುಂಗಭದ್ರಮ್ಮ.

ರಾಜ್ಯದಲ್ಲಿ ಎಲ್ಲರೂ ಸುಖವಾಗಿದ್ದರು. ಪೆಟ್ಟಿಗೆ ಹನ್ನೊಂದು ವರ್ಷ ಓಡಿತು. ಮುದ್ದಯ್ಯ ಮನುಷ್ಯನಾಗಿಯೇ ನಿವೃತ್ತನಾದ.