ಎರಡು ಮಿಲಿಮೀಟರಿನ ತಪ್ಪು

ಅವರು ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಕೈಯಲ್ಲಿ ಕರ್ಚೀಫಿನ ಗಂಟಿತ್ತು. ಬಿಚ್ಚಿದರೆ ಒಂದು ಹಿತ್ತಾಳೆ ಬಿಲ್ಲೆ, ಹಳೆ ಕಾರುಗಳ ಮೂತಿಯ ಮೇಲೆ ಇರುವಂಥದ್ದು.

"ಇದು ಯಾವ ಕಾರಿಂದು ಅಂತ ಹೇಳೋಕಾಗುತ್ತಾ? ಹೋದ ವಾರ ಕೊಂಡೆ. ಮಹಾಯುದ್ಧಕ್ಕಿಂತ ಮೊದಲಿಂದಂತೆ."

"ಕಾರೆಲ್ಲಿ?"

"ಮನೇಲಿ."

"ಹಲ್ಲು ಕಿತ್ತು ತಂದು, ಇದು ಯಾರ ಹಲ್ಲು ಅಂತ ಕೇಳಿದ ಹಾಗಿದೆ! ಈ ಬಿಲ್ಲೇನ ಯಾವ ಡಬ್ಬಕ್ಕೆ ಬೇಕಾದ್ರೂ ಬಡೀಬಹುದು ರೀ."

ಬೇರೆ ಗಿರಾಕಿಯಾಗಿದ್ದರೆ ಮುಖ ಗಂಟಿಕ್ಕಿಕೊಂಡು ಹೊರಟುಹೋಗುತ್ತಿದ್ದ. ಇವರು ನಕ್ಕರು. ಆ ನಗು ಮೊದಲು ಕಣ್ಣಿನ ಮೂಲೆಯಲ್ಲಿ ಹುಟ್ಟಿ, ಆಮೇಲೆ ಅವಸರವಿಲ್ಲದೆ ಮೀಸೆಯವರೆಗೆ ಇಳಿಯಿತು.

"ಹಾಗಾದ್ರೆ ಡಾಕ್ಟರೇ ಮನೆಗೆ ಬರಬೇಕು," ಅಂದರು.

ಹಳೆ ಕಾರುಗಳ ಬಿಡಿಭಾಗದ ಈ ಅಂಗಡಿ ಅಪ್ಪನ ಕಾಲದ್ದು. ಮೂವತ್ತು ವರ್ಷದಿಂದ ನಾನು ನಡೆಸುತ್ತಿದ್ದೇನೆ, ಜೊತೆಗೆ ಅತ್ತಿಗೆ ಇದ್ದಾರೆ. ಗಿರಾಕಿಗಳು ಬೆನ್ನ ಹಿಂದೆ ನನ್ನನ್ನು ಮೆಣಸಿನಕಾಯಿ ಅನ್ನುತ್ತಾರೆ. ನೋಡಲು ಬಂದ ಗಂಡುಗಳನ್ನೆಲ್ಲ ಓಡಿಸಿದ್ದೂ ಈ ನಾಲಿಗೆಯೇ. ಈಗ ನನಗೆ ನಲವತ್ತಾರು. ಅವರು ಎರಡು ಬೀದಿ ಆಚೆ ವಾಚ್ ರಿಪೇರಿ ಮಾಡುವವರು, ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ಶನಿವಾರ ಅವರ ಮನೆಗೆ ಹೋದೆ. ಶೆಡ್ಡಿನಲ್ಲಿ ಕಾರು ಮುದಿ ಎಮ್ಮೆಯ ಹಾಗೆ ಮಲಗಿತ್ತು. ಇಂಜಿನ್ ನಂಬರನ್ನು ತುಕ್ಕು ತಿಂದಿತ್ತು. ಆ ಮಾಡೆಲ್ಲಿಗೆ ಚಿಕ್ಕ ಇಂಜಿನ್, ದೊಡ್ಡ ಇಂಜಿನ್ ಅಂತ ಎರಡು ಬರುತ್ತಿದ್ದವು. ಹೊರಗಿನಿಂದ ಅವಳಿ ಜವಳಿ. ಸಿಲಿಂಡರಿನ ಒಳ ಅಳತೆಯಲ್ಲಿ ಮಾತ್ರ ಎರಡೇ ಮಿಲಿಮೀಟರ್ ವ್ಯತ್ಯಾಸ.

ಇಂಜಿನ್ನಿನ ಮೇಲ್ಮುಚ್ಚಳ ಬಿಚ್ಚಿಸಿ, ಒಳ ಅಳತೆ ತೆಗೆಯುವ ವರ್ನಿಯರ್ ಇಟ್ಟು ನಾನು ಬಾಗಿದೆ. ಟಾರ್ಚ್ ಹಿಡಿದು ಅವರೂ ಬಾಗಿದರು. ಅವರ ಭುಜ ನನ್ನ ಭುಜಕ್ಕೆ ತಾಕಿತು, ಆಮೇಲೆ ಅಲ್ಲೇ ಉಳಿಯಿತು.

ಗೆರೆಗಳೆಲ್ಲ ಮಂಜುಮಂಜು. ಹತ್ತಿರದ್ದನ್ನು ನೋಡಲು ನನಗೆ ಕನ್ನಡಕ ಬೇಕು. ಚೀಲದಲ್ಲೇ ಇತ್ತು. ದಪ್ಪ ಗಾಜಿನ, ಒಂದು ಕಡೆ ದಾರ ಸುತ್ತಿದ ಆ ಕನ್ನಡಕವನ್ನು ಅವರೆದುರು ಹಾಕಿಕೊಳ್ಳಲು ಮನಸ್ಸಾಗಲಿಲ್ಲ.

"ಅರವತ್ಮೂರು. ದೊಡ್ಡ ಇಂಜಿನ್," ಅಂದೆ, ಕಡ್ಡಿ ಮುರಿದ ಹಾಗೆ.

ಆ ಅಳತೆಗೆ ಕೂರುವ ಹೊಸ ಪಿಸ್ಟನ್ ದೂರದೂರಿನಿಂದ ಬರಬೇಕಿತ್ತು, ಎರಡು ತಿಂಗಳು. ಅಷ್ಟರಲ್ಲಿ ಉಳಿದ ಭಾಗಗಳನ್ನು ಹುಡುಕೋಣವೆಂದು ಪ್ರತಿ ಶನಿವಾರ ಇಬ್ಬರೂ ಹೊರಟೆವು. ಹೆಡ್‌ಲೈಟಿನ ಬಳೆ ಒಂದು ಮುಚ್ಚಿದ ಗ್ಯಾರೇಜಿನ ಅಟ್ಟದಲ್ಲಿ ಸಿಕ್ಕಿತು. ಹಳೆ ಡ್ರೈವರೊಬ್ಬರ ಮನೆಯಲ್ಲಿ ಬಚ್ಚಲ ಬಾಗಿಲಿಗೆ ಹಾಕಿದ್ದ ಹಿಡಿಯನ್ನು ಕಂಡು ನಾನು ಕೂಗಿಯೇಬಿಟ್ಟೆ: "ಅಯ್ಯೋ, ಇದು ನಮ್ಮ ಕಾರಿಂದು!"

"ನಮ್ಮ?" ಅಂದರು ಅವರು, ಹುಬ್ಬೇರಿಸಿ.

"ಬಾಯಿ ತಪ್ಪಿ ಬಂತು."

"ತಪ್ಪಿದ್ದೇ ಚೆನ್ನಾಗಿದೆ, ಇರಲಿ ಬಿಡಿ."

ವಾಪಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಕಿಟಕಿಯಾಚೆ ನೋಡುತ್ತ ಕೂತೆ. ಕಿವಿ ಕಾದ ಬಾಣಲೆಯಾಗಿತ್ತು.

ಪಿಸ್ಟನ್ ಬಂತು. ಸಿಲಿಂಡರಿನ ಬಾಯಲ್ಲೇ ಕಚ್ಚಿಕೊಂಡು ನಿಂತಿತು, ಒಳಗೆ ಇಳಿಯಲಿಲ್ಲ. ಅಳತೆ ತಪ್ಪು ಓದಿದ್ದು ನಾನೇ ಅಂತ ನನಗೆ ಆ ಕ್ಷಣವೇ ಗೊತ್ತಾಯಿತು. ಅವರ ಮುಖ ಬಾಡಿತು.

"ನೀವು ಗುರುತು ಹಿಡಿದ ಮೇಲೂ ಕೂರಲಿಲ್ಲ ಅಂದ್ರೆ ಮುಗೀತು. ಮಾರಿದವನು ಯಾವ್ಯಾವುದೋ ಕಾರಿನ ತುಂಡು ಸೇರಿಸಿ ನನ್ನ ತಲೆಗೆ ಕಟ್ಟಿದ್ದಾನೆ. ಸೋಮವಾರ ಗುಜರಿಗೆ ಕೊಟ್ಟುಬಿಡ್ತೀನಿ. ನಿಮಗೂ ಇನ್ನು ಶನಿವಾರದ ತೊಂದರೆ ತಪ್ಪುತ್ತೆ."

ಆಗಲೇ ಹೇಳಬೇಕಿತ್ತು. ಊರಿಗೆಲ್ಲ ಬೈಯುವ ನಾಲಿಗೆ ಅವತ್ತು ಅಂಗುಳಿಗೆ ಅಂಟಿಕೊಂಡಿತು.

ಅತ್ತಿಗೆಗೆ ಹೇಳಿದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೋಗಿ ಹೇಳಮ್ಮ."

"ಮೂವತ್ತು ವರ್ಷದ ಹೆಸರು ಹೋಗುತ್ತೆ ಅತ್ತಿಗೆ."

"ಆ ಹೆಸರಿನ ಜೊತೆ ಸಂಸಾರ ಮಾಡ್ತೀಯಾ?"

ಸೋಮವಾರ ನಾನು ಹೋಗುವಾಗ ಗುಜರಿಯವನು ಬಂಪರಿಗೆ ಸರಪಳಿ ಬಿಗಿಯುತ್ತಿದ್ದ.

"ಕೈ ತೆಗಿಯೋ!" ಎಂದು ಗದರಿದೆ. ದಾರ ಸುತ್ತಿದ ಕನ್ನಡಕ ಏರಿಸಿ ವರ್ನಿಯರ್ ಇಟ್ಟೆ. "ಅರವತ್ತೊಂದು. ಚಿಕ್ಕ ಇಂಜಿನ್. ಯಾರೂ ಮೋಸ ಮಾಡಿಲ್ಲ, ತಪ್ಪು ಓದಿದವಳು ನಾನು."

"ನೀವು ತಪ್ಪೋದಾ? ಹೇಗೆ?"

"ಅವತ್ತು ಕನ್ನಡಕ ಹಾಕಿರಲಿಲ್ಲ."

"ಮರೆತು ಬಂದಿದ್ರಾ?"

"ಚೀಲದಲ್ಲೇ ಇತ್ತು."

"ಮತ್ತೆ?"

ನನಗೆ ರೇಗಿಹೋಯಿತು. "ಮತ್ತೇನ್ರೀ ಮತ್ತೆ! ಎಲ್ಲಾ ಬಿಡಿಸಿ ಹೇಳಬೇಕಾ? ನಿಮ್ಮ ಕಣ್ಣಿಗೆ ಮುದುಕಿ ಥರ ಕಾಣಬಾರದು ಅಂತ ಹಾಕ್ಕೊಳ್ಳಲಿಲ್ಲ!"

ಗುಜರಿಯವನು ಕೆಮ್ಮಿದ. "ಸಾರ್, ನಾನು ಆಮೇಲೆ ಬರಲಾ?"

"ಬರಲೇ ಬೇಡಪ್ಪ," ಅಂದರು ಅವರು, ನನ್ನ ಮೇಲಿನ ಕಣ್ಣು ತೆಗೆಯದೆ.

ಅವನು ಹೋದ ಮೇಲೆ ಹತ್ತಿರ ಬಂದರು. "ನನ್ನದೂ ತಪ್ಪಿದೆ. ದಿನವೆಲ್ಲ ಕೂದಲೆಳೆಯಂಥ ಸ್ಪ್ರಿಂಗ್ ನೋಡೋ ಕಣ್ಣು ನಂದು. ಅವತ್ತು ಪಕ್ಕದಲ್ಲೇ ಟಾರ್ಚ್ ಹಿಡಿದಿದ್ದೆ, ಆ ಗೆರೆ ನನಗೆ ಕಾಣಬೇಕಿತ್ತು."

"ಮತ್ಯಾಕೆ ಕಾಣಲಿಲ್ಲ?"

"ಗೆರೆ ಯಾರು ನೋಡ್ತಿದ್ರು? ನಿಮ್ಮನ್ನ ನೋಡ್ತಿದ್ದೆ."

ಕೈಯಲ್ಲಿದ್ದ ವರ್ನಿಯರನ್ನು ಬಾನೆಟ್ಟಿನ ಮೇಲೆ ಇಡಲು ಹೋಗಿ ನೆಲಕ್ಕೆ ಬೀಳಿಸಿದೆ. ಇಬ್ಬರೂ ಎತ್ತಲಿಲ್ಲ.

"ಸರಿಯಾದ ಪಿಸ್ಟನ್ ಬರೋಕೆ ಇನ್ನೆರಡು ತಿಂಗಳು ಕಾಯಬೇಕು," ಅಂದೆ, ನೆಲ ನೋಡುತ್ತ.

"ಕಾರು ಕಾಯಲಿ. ನಾವ್ಯಾಕೆ ಕಾಯಬೇಕು?"

ಎದೆ ಹೊಡೆದುಕೊಳ್ಳುವುದು ಅವರಿಗೆ ಕೇಳಬಾರದೆಂದು ದನಿ ಜೋರು ಮಾಡಿದೆ. "ಹಾಗಾದ್ರೆ ನಾಳೆ ಬಂದು ಅತ್ತಿಗೆ ಹತ್ರ ಮಾತಾಡಿ. ತಡ ಮಾಡಿದ್ರೆ ಬೈತೀನಿ."

"ತಡ ಆಗಲೇ ಆಗಿದೆ," ಅಂದವರೇ ಕಾಲಿಗೆ ಚಪ್ಪಲಿ ಮೆಟ್ಟಿದರು. "ನಡೀರಿ, ಈಗಲೇ ಬರ್ತೀನಿ."