ಮಂಜುಗಡ್ಡೆಯವನು ಕಟ್ಟಿದ ಬೆಚ್ಚನೆಯ ಮನೆ

"ಅಲ್ಲಿ ಇಡ್ಬೇಡಿ! ಅಂಟು ಹಸಿ ಉಂಟು!"

ಕಮಲೇಶ ಕೂಗುವಷ್ಟರಲ್ಲಿ ತಡವಾಗಿತ್ತು. ಡ್ಯಾಫ್ನಿ ತನ್ನ ಕೈಯಲ್ಲಿದ್ದ ದಿಂಬಿನ ಕವರನ್ನು ಅವನ ಶೆಡ್ಡಿನ ಮೇಜಿನ ಮೇಲೆ ಇಟ್ಟಾಗಿತ್ತು.

ಇಟ್ಟ ಕವರು ಮೆಲ್ಲನೆ ಅಲುಗಾಡಿತು...

"ಒಳಗೆ ಎಂತ?"

"ಹಾವು," ಎಂದಳು ಡ್ಯಾಫ್ನಿ, ಬದನೆಕಾಯಿ ಎಂದಷ್ಟೇ ಸಲೀಸಾಗಿ. "ಇದಕ್ಕೊಂದು ಬೆಚ್ಚನೆಯ ಪೆಟ್ಟಿಗೆ ಬೇಕು. ಅಳತೆ ತೆಗೀಲಿಕ್ಕೆ ತಂದೆ."

ಕಮಲೇಶ ಅವಳ ಮುಖ ನೋಡಿದ. ಕವರಿನ ಕಡೆ ನೋಡಿದ. ಆಮೇಲೆ ಕಾಲಿನ ಚಪ್ಪಲಿಗಳನ್ನು ಒಂದೊಂದಾಗಿ ಕಳಚಿ ಬದಿಗೆ ಸರಿಸಿದ.

"ಎಂತ, ಓಡ್ಲಿಕ್ಕೆ ರೆಡಿಯಾ?" ಡ್ಯಾಫ್ನಿಗೆ ನಗು ತಡೆಯಲಾಗಲಿಲ್ಲ.

ಅವನ ಕಿವಿಗಳು ಕೆಂಪಾದವು.

ಕಮಲೇಶ ಉಳ್ಳಾಲದ ಮೀನುಗಾರರ ಮನೆಯವನು. ಅಣ್ಣ ಕಡಲಿಗೆ ಹೋಗುತ್ತಿದ್ದ. ಇವನು ದೋಣಿಗಳಿಗೆ ಮಂಜುಗಡ್ಡೆಯ ಪೆಟ್ಟಿಗೆ ಮಾಡುತ್ತಿದ್ದ. ಮಳೆಗಾಲದಲ್ಲಿ ದೊಡ್ಡ ದೋಣಿಗಳೆಲ್ಲ ದಡ ಸೇರಿದ್ದರಿಂದ ಅವನ ಕೈ ಖಾಲಿಯಿತ್ತು.

"ನಾನು ತಂಪು ಹಿಡಿದಿಡುವವ ಟೀಚರ್. ನಿಮಗೆ ಬಿಸಿ ಬೇಕಂತೀರಿ."

"ತಂಪು ಹೊರಗೆ ಹೋಗದ ಪೆಟ್ಟಿಗೆಯಿಂದ ಬಿಸಿ ಮಾತ್ರ ಹೇಗೆ ಹೊರಗೆ ಹೋಗ್ತದೆ, ಹೇಳಿ?"

ಅವನು ಮೂಲೆಯ ಮಂಜುಗಡ್ಡೆ ಪೆಟ್ಟಿಗೆಯನ್ನೊಮ್ಮೆ ನೋಡಿದ. ಆಮೇಲೆ ಮೊದಲ ಸಲ ನಕ್ಕ.

ಆ ನಗು ಕದ್ರಿಯ ಮನೆಯವರೆಗೂ ಅವಳ ಜೊತೆ ಬಂತು.

ಆ ಮನೆಗೆ ನಗು ಬರದೆ ವರ್ಷವಾಗಿತ್ತು. ತಾಯಿ ಹಿಂದೆಯೇ ತೀರಿಕೊಂಡಿದ್ದರು. ಕಳೆದ ಮಳೆಗಾಲದಲ್ಲಿ ತಂದೆ ರೇಮಂಡ್ ಕೂಡ ಹೋದರು. ಮನೆಯಲ್ಲಿ ಒಬ್ಬರು ಇಲ್ಲವಾದ ಮೇಲೆ ಮೊದಲು ತಪ್ಪುವುದು ಅನ್ನದ ಅಳತೆ. ಅಭ್ಯಾಸವಾದಷ್ಟು ಅಕ್ಕಿಯನ್ನು ಕೈ ಹಾಕಿಬಿಡುತ್ತದೆ, ಉಣ್ಣುವವರು ಇರುವುದಿಲ್ಲ. ಡ್ಯಾಫ್ನಿ ದಿನವೂ ಇಬ್ಬರಿಗಾಗುವಷ್ಟು ಕುಚ್ಚಲಕ್ಕಿ ಬೇಯಿಸಿ, ಅರ್ಧವನ್ನು ಕಾಗೆಗಳಿಗೆ ಹಾಕುತ್ತಿದ್ದಳು.

ನಾಯಿ, ಬೆಕ್ಕು ಸಾಕೋಣವೆಂದರೆ ಅವಳಿಗೆ ಉಬ್ಬಸ. ಕೂದಲಿನ ಪ್ರಾಣಿ ಬೇಡವೆಂದು ಡಾಕ್ಟರು ಹೇಳಿದ್ದರು. ಆಗ ಶಾಲೆಯಲ್ಲಿ ಅವಳ ಜೊತೆಗೆ ಪಾಠ ಹೇಳುತ್ತಿದ್ದ ಶೆರ್ವಿನ್ ಕೆಲಸಕ್ಕೆಂದು ದೋಹಾಕ್ಕೆ ಹೊರಟ. ಅವನು ಸಾಕಿದ್ದ ಬಾಲ್ ಪೈಥಾನ್ ಅನಾಥವಾಯಿತು. ಹೊರದೇಶದ, ವಿಷವಿಲ್ಲದ, ಮುದುರಿ ಮಲಗುವುದೇ ಕೆಲಸವಾದ ಹೆಬ್ಬಾವು. ಅರಣ್ಯ ಇಲಾಖೆಯ ಕಾಗದಗಳನ್ನೆಲ್ಲ ತನ್ನ ಹೆಸರಿಗೆ ಮಾಡಿಸಿಕೊಂಡು ಡ್ಯಾಫ್ನಿ ಅದನ್ನು ಮನೆಗೆ ತಂದಳು. ಅಪ್ಪ ಹೇಳುತ್ತಿದ್ದ ಕಥೆಗಳ ಸೋಮಾರಿಯ ಹೆಸರನ್ನೇ ಇಟ್ಟಳು... ಪೆದ್ರು.

ಆದರೆ ಬಂದಂದಿನಿಂದ ಪೆದ್ರು ಒಂದು ತುತ್ತು ತಿಂದಿರಲಿಲ್ಲ. ಮಳೆಯ ಚಳಿ ಅದಕ್ಕೆ ಆಗದು. ಬೆಚ್ಚಗಿದ್ದರೆ ಮಾತ್ರ ಹಸಿವು. ಅದಕ್ಕೇ ಅವಳು ಪೆಟ್ಟಿಗೆ ಮಾಡುವವನನ್ನು ಹುಡುಕಿಕೊಂಡು ಉಳ್ಳಾಲಕ್ಕೆ ಹೋದದ್ದು.

ಕಮಲೇಶ ವಾರಕ್ಕೆರಡು ಸಲ ಅವಳ ಮನೆಗೇ ಬಂದು ಪೆಟ್ಟಿಗೆ ಕಟ್ಟತೊಡಗಿದ. ಎರಡು ಹಲಗೆಗಳ ನಡುವೆ ಥರ್ಮಾಕೋಲ್, ಒಳಗೆ ಫೈಬರ್, ಎದುರಿಗೆ ಸರಿಸುವ ಗಾಜು. ಬಿಸಿಯ ಬಲ್ಬಿಗೆ ಹಾವು ತಾಗದಂತೆ ತಂತಿಯ ಬಲೆ. ಶಾಖ ಹೆಚ್ಚಿದರೆ ತಾನೇ ಆರಿ, ಕಡಿಮೆಯಾದರೆ ತಾನೇ ಉರಿಯುವ ಥರ್ಮೋಸ್ಟಾಟ್.

"ಗಾಳಿಗೆ ತೂತು ಎಲ್ಲಿ?" ಡ್ಯಾಫ್ನಿ ಕೇಳಿದಳು.

"ತೂತಾ? ನಮ್ಮ ಪೆಟ್ಟಿಗೆಯಲ್ಲಿ ತೂತು ಬಿದ್ರೆ ಮರ್ಯಾದೆ ಹೋಯ್ತು ಅಂತ ಲೆಕ್ಕ."

"ನಿಮ್ಮ ಮೀನು ಉಸಿರಾಡೂದಿಲ್ಲ ಮಾರಾಯ್ರೆ, ಪೆದ್ರು ಉಸಿರಾಡ್ತದೆ!"

ತಲೆ ಕೆರೆದುಕೊಂಡು ಅವನು ಡ್ರಿಲ್ ಎತ್ತಿಕೊಂಡ. ಇಬ್ಬರೂ ನಕ್ಕರು. ಗೋಡೆಯ ಮೇಲಿನ ಯೇಸುವಿನ ಪಟದ ಕೆಳಗೆ ಅಷ್ಟು ನಗು ಕೇಳಿ ಎಷ್ಟು ಕಾಲವಾಗಿತ್ತೋ...

'ಇವನು ಇಲ್ಲಿ ಕೂತು ಉಂಡರೆ...' ಅವಳ ಮನಸ್ಸು ಅಷ್ಟೇ ಬೇಡಿತು. ಅಪ್ಪನ ಕುರ್ಚಿಯಲ್ಲಿ ಒಬ್ಬರು ಕೂರಬೇಕು. ಅನ್ನ ಮುಗಿಯಬೇಕು.

ಮೊದಲ ದಿನ ಬಂಗುಡೆ ಮೀನಿನ ಗಸಿ ಮಾಡಿದಳು.

"ಊಟ ಆಯ್ತು ಟೀಚರ್."

ಎರಡನೆಯ ಸಲ, ಮಳೆಯಲ್ಲಿ ನೆನೆದುಕೊಂಡು ಹೋಗಿ, ನಾಡದೋಣಿಯವರು ತಂದ ಕಾಣೆ ಮೀನನ್ನು ಹುಡುಕಿ ತಂದು ಹುರಿದಳು.

"ಬೇಡ ಟೀಚರ್... ನೀರು ಸಾಕು."

ಮೂರನೆಯ ಸಲ ಒಣಸಿಗಡಿ ಚಟ್ನಿ. ಅವನು "ಊಟ ಆಯ್ತು" ಎನ್ನುವಾಗಲೇ ಅವನ ಹೊಟ್ಟೆ ಗುರ್ರೆಂದಿತು! ಇಬ್ಬರಿಗೂ ಕೇಳಿಸಿತು.

ಡ್ಯಾಫ್ನಿಯ ಮುಖ ಬಾಡಿತು. ಮೀನುಗಾರರ ಮಗನಿಗೆ ಮೀನು ಬೇಡವೇ? ಅಥವಾ... ಈ ಮನೆಯ ಪಾತ್ರೆಯಲ್ಲಿ ಬೇಯಿಸಿದ್ದು ಬೇಡವೇ?

"ಕಮಲೇಶ್, ಒಂದು ಕೇಳ್ತೇನೆ. ನಮ್ಮಂಥವರ ಮನೆಯಲ್ಲಿ ಉಣ್ಲಿಕ್ಕೆ ನಿಮಗೆ ಹೇಸಿಗೆಯಾ?"

"ಅಯ್ಯೋ... ಹಾಗಲ್ಲ..."

"ಮತ್ತೆ ಹೇಗೆ?"

ಅವನು ಕಣ್ಣು ತಪ್ಪಿಸಿ ತಂತಿಯ ಸುರುಳಿ ಎತ್ತಿಕೊಂಡ.

"ಉಣ್ಲಿಕ್ಕಾಗದ ಮನೆಗೆ ಕೆಲಸಕ್ಕೂ ಬರೂದು ಬೇಡ!"

ಅವನು ಕೊನೆಯ ತಂತಿ ಜೋಡಿಸಿದ. ಒಂದು ಬದಿ ಬೆಚ್ಚಗೆ, ಇನ್ನೊಂದು ಬದಿ ತುಸು ತಣ್ಣಗೆ ಇದೆಯೇ ಎಂದು ಕೈಯಿಟ್ಟು ನೋಡಿದ. ತೆಂಗಿನ ನಾರಿನ ಪುಡಿಯನ್ನು ಹಾಸಿಗೆಯಂತೆ ಹರವಿದ. ನಂತರ ಹೊರಟುಹೋದ. ಮರೆತ ಡ್ರಿಲ್ ಅಲ್ಲೇ ಉಳಿಯಿತು.

ಆ ದಿನ ಪೆದ್ರು ಹೊಸ ಮನೆ ಸೇರಿತು. ಡ್ಯಾಫ್ನಿ ಗಾಜಿನ ಎದುರು ಕೂತು ಅತ್ತಳು.

ಡ್ರಿಲ್ ಹಿಂದಿರುಗಿಸುವ ನೆವದಲ್ಲಿ ಅವಳು ಉಳ್ಳಾಲಕ್ಕೆ ಹೋದದ್ದು ಮುಂದಿನ ಶನಿವಾರ. ಕಮಲೇಶ ಇರಲಿಲ್ಲ. ಅವನ ತಾಯಿ ರತ್ನಾವತಿ ಅಂಗಳದ ಚಪ್ಪರದಡಿ ಒಣಮೀನು ವಿಂಗಡಿಸುತ್ತಿದ್ದರು.

"ನೀವೇನಾ ಆ ಟೀಚರ್? ಬನ್ನಿ ಮಗಾ, ಕೂತ್ಕೊಳ್ಳಿ. ಅದು ಉಣ್ತಾ?"

"ಯಾವುದು?"

"ಅದೇ..." ಹಾವೆಂಬ ಹೆಸರೆತ್ತಲಾರದೆ ಅವರು ದನಿ ತಗ್ಗಿಸಿದರು. "ನಿಮ್ಮ ಮನೆಯ ಒಳ್ಳೆಯದು. ಅದು ಬೇಗ ಉಣ್ಣಲಿ ಮಾರಾಯ್ತಿ! ಅಲ್ಲದಿದ್ರೆ ನನ್ನ ಮಗ ಸೊರಗಿ ಹೋಗ್ತಾನೆ."

ಡ್ಯಾಫ್ನಿಗೆ ಅರ್ಥವಾಗಲಿಲ್ಲ.

"ಅವ ನಿಮಗೆ ಹೇಳ್ಲಿಲ್ವಾ? ನಾಗನ ಕೆಲಸ ಮಾಡುವಾಗ ಮೀನು ಮುಟ್ಟೂದುಂಟಾ? ಅದು ಹೊರದೇಶದ್ದು, ನಾಗ ಅಲ್ಲ ಅಂತ ನಾನೂ ಹೇಳಿದೆ. 'ಅಮ್ಮ, ನಾನು ಕಟ್ಟಿದ ಮನೆಯಲ್ಲಿ ಅದು ಉಣ್ಣುವವರೆಗೆ ನನಗೂ ಮೀನು ಬೇಡ' ಅಂತಾನೆ. ಹೇಳಿದ್ರೆ ಟೀಚರ್ ನಗಾಡ್ತಾರೆ ಅಂತ ಹೆದರಿಕೆ ಬೇರೆ!"

ಡ್ಯಾಫ್ನಿಗೆ ಮೊದಲ ದಿನ ನೆನಪಾಯಿತು.

ಚಪ್ಪಲಿ ಕಳಚಿದ್ದು ಓಡಲಿಕ್ಕಲ್ಲ... ಕೈಮುಗಿಯುವ ಮನಸ್ಸಿನಿಂದ!

ಈಸ್ಟರಿಗೆ ಮೊದಲಿನ ತಪಸ್ಸುಕಾಲದಲ್ಲಿ ಅವಳೂ ಮಾಂಸ ಬಿಡುವವಳೇ. ಆದರೆ ಅವರ ಮನೆಯಲ್ಲಿ ಮಾಂಸ ಬಿಟ್ಟ ದಿನ ಬೇಯುವುದೇ ಮೀನು. ಮೀನನ್ನೇ ಬಿಡುವ ವ್ರತವೊಂದು ಇರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ದೇವರಿಗೆ ತಲುಪುವ ಉಪವಾಸಗಳು ಎಷ್ಟು ಬಗೆಯೋ. ಅಡುಗೆಮನೆಯಲ್ಲಿ ನಿಂತವರಿಗೆ ಎಲ್ಲವೂ ಗೊತ್ತಿರುವುದಿಲ್ಲ.

"ಅಮ್ಮಾ... ನಾನು ಅವರಿಗೆ ತುಂಬಾ ಕೆಟ್ಟ ಮಾತು ಹೇಳಿಬಿಟ್ಟೆ."

"ಹೌದಾ? ಹಾಗಾದ್ರೆ ಒಳ್ಳೆ ಮಾತನ್ನೂ ನೀವೇ ಹೇಳಿ," ಎಂದು ರತ್ನಾವತಿ ನಕ್ಕರು. "ಅವ ಬಂದ ಕೂಡಲೇ ಕಳಿಸ್ತೇನೆ."

ಡ್ಯಾಫ್ನಿ ಮನೆಗೆ ಬಂದು ಅಪ್ಪನ ಫೋಟೋದ ಮುಂದೆ ಮೇಣದಬತ್ತಿ ಹಚ್ಚಿದಳು. ಹೊಸ ಪಾತ್ರೆ ತೆಗೆದಳು. ಹೆಸರುಬೇಳೆ ಸಾರು, ಬಸಳೆ ಪಲ್ಯ. ಮೀನಿನ ಸುಳಿವಿಲ್ಲ.

ಸಂಜೆ ಗಾಳಿ ಎದ್ದಿತು. ಕರೆಂಟು ಹೋಯಿತು.

ಪೆದ್ರುವಿನ ಬಲ್ಬು ಆರಿತು! ಅವಳು ಗಾಬರಿಯಿಂದ ಟಾರ್ಚು ಹುಡುಕುತ್ತಿರುವಾಗ ಬಾಗಿಲು ಬಡಿದ ಸದ್ದು.

ಕಮಲೇಶ. ಮೈಯೆಲ್ಲ ಒದ್ದೆ. ತೋಳಿನಲ್ಲಿ ದೋಣಿಯ ದೊಡ್ಡ ಬ್ಯಾಟರಿ.

"ಕದ್ರಿಯಲ್ಲಿ ಕರೆಂಟಿಲ್ಲ ಅಂತ ಗೊತ್ತಾಯ್ತು... ಅದಕ್ಕೆ ಚಳಿಯಾಗಬಾರದಲ್ಲ..."

"ಅಮ್ಮ ಕಳಿಸಿದ್ದಾ?"

"ಅಮ್ಮನೇ ಬ್ಯಾಟರಿ ಎತ್ತಿ ಕೊಟ್ಟದ್ದು." ಅವನು ತಲೆ ತಗ್ಗಿಸಿದ. "ನೀವು ಬಂದಿದ್ರಿ ಅಂತಾನೂ ಹೇಳಿದ್ರು."

ಅವನು ಗಾಜು ಸರಿಸಿ ಕೈಯಿಟ್ಟ. ಪೆಟ್ಟಿಗೆ ಇನ್ನೂ ಬೆಚ್ಚಗಿತ್ತು, ಬ್ಯಾಟರಿ ಬೇಕಾಗಲಿಲ್ಲ. ಮಂಜುಗಡ್ಡೆ ಕಾಯುವ ಕೈಗಳು ಕಟ್ಟಿದ ಮನೆ ಬಿಸಿಯನ್ನೂ ಬಿಟ್ಟುಕೊಟ್ಟಿರಲಿಲ್ಲ.

ಡ್ಯಾಫ್ನಿ ಇಕ್ಕುಳದಲ್ಲಿ ಪೆದ್ರುವಿನ ಆಹಾರವನ್ನು ಹಿಡಿದಳು. ಪೆದ್ರು ನಾಲಿಗೆ ಚಾಚಿತು... ತಲೆ ಎತ್ತಿತು...

ಫಕ್ಕನೆ ಕಚ್ಚಿಕೊಂಡಿತು!

"ಉಂಡಿತು!" ಎಂದು ಕೂಗಿದವಳು ಅವನ ತೋಳನ್ನು ಹಿಡಿದುಕೊಂಡಿದ್ದಳು. ಹಿಡಿದದ್ದು ತಿಳಿದರೂ ಬಿಡಲಿಲ್ಲ. ಟಾರ್ಚಿನ ಬೆಳಕಿನಲ್ಲಿ ಅವನ ಕಣ್ಣು ತುಂಬಿದ್ದು ಕಂಡಿತು.

"ಕಮಲೇಶ್... ನನ್ನನ್ನು ಕ್ಷಮಿಸಿ. ನೀವು ಉಣ್ಲಿಲ್ಲ ಅಂತ ಅಷ್ಟು ಸಿಟ್ಟು ಯಾಕೆ ಬಂತು ಗೊತ್ತುಂಟಾ? ಈ ಮೇಜಿಗೆ ಯಾರಾದ್ರೂ ಬೇಕು ಅಂತ ಆಸೆ ಇತ್ತು. ಆಮೇಲೆ ಯಾರಾದ್ರೂ ಆಗೂದಿಲ್ಲ, ನೀವೇ ಬೇಕು ಅನ್ನಿಸ್ತು."

ಅವನು ಗಾಜನ್ನು ಮೆಲ್ಲನೆ ಸರಿಸಿ ಮುಚ್ಚಿದ.

"ನಾನು ಹರಕೆ ಹೇಳುವಾಗ ಹಾವಿಗೆ ಹಸಿವಾಗಲಿ ಅಂತ ಮಾತ್ರ ಬೇಡಿದ್ದಲ್ಲ ಟೀಚರ್."

"ಮತ್ತೆ?"

"ಪೆಟ್ಟಿಗೆ ಮುಗಿದ ಮೇಲೂ ಇಲ್ಲಿಗೆ ಬರುವ ಹಾಗೆ ಮಾಡು ಅಂತ..."

ಅವಳು ಅಪ್ಪನ ಕುರ್ಚಿಯನ್ನು ಎಳೆದು ಕೊಟ್ಟಳು. ಮೇಣದಬತ್ತಿಯನ್ನು ಮೇಜಿನ ಮೇಲಿಟ್ಟು, ಬಡಿಸಿದಳು.

ತಟ್ಟೆ ನೋಡಿ ಕಮಲೇಶ ಹುಬ್ಬೇರಿಸಿದ. "ವ್ರತ ಮುಗಿದ ದಿನವೇ ಬೇಳೆ ಸಾರಾ?"

"ಮುಗೀತದೆ ಅಂತ ನನಗೇನು ಗೊತ್ತಿತ್ತು! ಮೀನು ನಾಳೆ."

"ನಾಳೆಯೂ ಬರ್ಬೇಕಾ?"

"ನಾಳೆ... ನಾಡಿದ್ದು... ಆಮೇಲೆಯೂ."

ಅವನು ಉಂಡ. ಮತ್ತೆ ಹಾಕಿಸಿಕೊಂಡ. ಮತ್ತೊಮ್ಮೆ ತಟ್ಟೆ ಮುಂದೆ ಚಾಚಿದಾಗ ಸೌಟು ಅನ್ನದ ಪಾತ್ರೆಯ ತಳಕ್ಕೆ ತಾಗಿ ಸದ್ದಾಯಿತು. ಡ್ಯಾಫ್ನಿ ಪಾತ್ರೆಯೊಳಗೆ ನೋಡಿದಳು. ಒಂದಗುಳೂ ಇರಲಿಲ್ಲ.

"ಮುಗೀತು..." ಅವಳು ಪಾತ್ರೆಯನ್ನು ಓರೆ ಮಾಡಿ ತೋರಿಸಿದಳು.

"ನಾಳೆ ಒಂದು ಹಿಡಿ ಜಾಸ್ತಿ ಹಾಕಿ ಟೀಚರ್."

"ಟೀಚರ್ ಅಲ್ಲ. ಡ್ಯಾಫ್ನಿ."

"ಒಂದು ಹಿಡಿ ಜಾಸ್ತಿ... ಡ್ಯಾಫ್ನಿ."